ಮಂಚ ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು

ಅಂದು ಅವರ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತ್ತು. 1951ರ ಡಿಸೆಂಬರ್ 25. ಕ್ರಿಸ್‌ಮಸ್ಸಿನ ದಿನವೇ ಮದುವೆಯಾಗಿದ್ದರಿಂದ ಎರಡೂ ಹಬ್ಬ ಒಟ್ಟಿಗೇ ಬರುತ್ತಿತ್ತು. ಹೆಂಡತಿಯ ತಮ್ಮನ ಮನೆಯಲ್ಲಿ ಊಟ ಮುಗಿಸಿ ದಂಪತಿ ಮನೆಗೆ ಮರಳಿದರು. ಹಿರಿಯ ಮಗಳೂ ಗಂಡನ ತಾಯಿಯೂ ಮನೆಯಲ್ಲಿದ್ದರು. ಕೇಕ್ ಕತ್ತರಿಸಿ ಒಂದೊಂದು ತುಂಡು ತಿಂದು, ದೀಪ ಆರಿಸಿ ಮಲಗಿದರು. ರಾತ್ರಿ 10 ಗಂಟೆ 20 ನಿಮಿಷಕ್ಕೆ ಅವರ ಮಂಚದ ನೇರ ಕೆಳಗೆ ಬಾಂಬು ಸಿಡಿಯಿತು.

ಗಂಡನ ಹೆಸರು ಹ್ಯಾರಿ ಮೂರ್, ಹೆಂಡತಿ ಹ್ಯಾರಿಯೆಟ್ ಮೂರ್. ಇಬ್ಬರೂ ಶಾಲಾ ಶಿಕ್ಷಕರು, ಇಬ್ಬರೂ ಕಪ್ಪು ಜನಾಂಗದವರು. ಊರು ಅಮೆರಿಕದ ಫ್ಲೋರಿಡಾ ರಾಜ್ಯದ ಮಿಮ್ಸ್. ಈ ಕೊಲೆಗಾಗಿ ಇಂದಿನವರೆಗೆ ಒಬ್ಬನನ್ನೂ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಿಸಲಿಲ್ಲ.

ನಾನು ಮಿಮ್ಸ್‌ಗೆ ಹೋದದ್ದು ಅದನ್ನು ಹುಡುಕಿಕೊಂಡಲ್ಲ. ಮಗಳು ಅಳಿಯ ಒರ್ಲ್ಯಾಂಡೊದಲ್ಲಿದ್ದಾರೆ. ಬಾಣಂತನಕ್ಕೆಂದು ಹೋದವಳು ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಅವರ ಜೊತೆ ಕೆನಡಿ ಬಾಹ್ಯಾಕಾಶ ಕೇಂದ್ರ ನೋಡಲು ಹೊರಟೆ. ಚಂದ್ರನ ಮೇಲೆ ಮನುಷ್ಯನನ್ನು ಕಳಿಸಿದ ಜಾಗ. ಎಲ್ಲರೂ ನೋಡುವುದನ್ನು ನಾವೂ ನೋಡಿದೆವು. ಹಿಂತಿರುಗುವಾಗ ಅಳಿಯ, "ಅತ್ತೆ, ನೀವು ಟೀಚರ್ ಆಗಿದ್ದವರು. ಇಲ್ಲೇ ನದಿಯಾಚೆ ಇಬ್ಬರು ಟೀಚರುಗಳ ಮನೆ ಇದೆ, ನೋಡುತ್ತೀರಾ?" ಎಂದ. ಇಂಡಿಯನ್ ರಿವರ್ ದಾಟಿ ಟೈಟಸ್‌ವಿಲ್, ಅದನ್ನು ಬಿಟ್ಟು ಸ್ವಲ್ಪ ಉತ್ತರಕ್ಕೆ ಹೋದರೆ ಮಿಮ್ಸ್. ಕಿತ್ತಳೆ ತೋಟಗಳಿಗೆ ಹೆಸರಾದ ಸೀಮೆ. ಮೂರ್ ದಂಪತಿಯ ಮನೆಯಿದ್ದ ಜಾಗದಲ್ಲಿ ಈಗ ಅವರ ಹೆಸರಿನ ಉದ್ಯಾನವಿದೆ, ಸಣ್ಣ ವಸ್ತುಸಂಗ್ರಹಾಲಯವಿದೆ, ಒಡೆದುಹೋದ ಮನೆಯ ಹಾಗೆಯೇ ಕಟ್ಟಿದ ಇನ್ನೊಂದು ಮನೆ ಇದೆ. ರಸ್ತೆಗೆ ಫ್ರೀಡಂ ಅವೆನ್ಯೂ ಎಂದು ಹೆಸರು.

ಅಲ್ಲಿ ನಿಂತಾಗ ನನಗೆ ಮೊದಲು ಹೊಳೆಯದ ವಿಷಯ ಬಹಳ ಸರಳವಾದದ್ದು. ಮಂಚದ ಕೆಳಗೆ ಬಾಂಬು ಇಡಬೇಕಾದರೆ ಮನೆಯೊಳಗೆ ಬರಬೇಕಲ್ಲ? ನಮ್ಮ ಕಡೆಯ ಮನೆಗಳ ಲೆಕ್ಕದಲ್ಲಿ ಯೋಚಿಸುತ್ತಿದ್ದೆ. ತಳಪಾಯ ತುಂಬಿ, ಗಾರೆ ಹಾಕಿ, ನೆಲವೆಂದರೆ ಭೂಮಿಯೇ ಆಗಿರುವ ಮನೆಗಳು. ಅಳಿಯ ವಿವರಿಸಿದ: ಫ್ಲೋರಿಡಾದ ಹಳೆಯ ಮರದ ಮನೆಗಳನ್ನು ಮಳೆನೀರು, ಗೆದ್ದಲು, ಸೆಕೆ ಇವುಗಳಿಂದ ಉಳಿಸಲು ಗಿಡ್ಡ ಕಂಬಗಳ ಮೇಲೆ ಕೂರಿಸುತ್ತಾರೆ. ನೆಲದ ಹಲಗೆಗೂ ಮಣ್ಣಿಗೂ ನಡುವೆ ಒಬ್ಬ ಮನುಷ್ಯ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗುವಷ್ಟು ಜಾಗ ಇರುತ್ತದೆ. ತಂಪಿಗೆಂದು ಬಿಟ್ಟ ಜಾಗ. ಆ ರಾತ್ರಿ ಅಲ್ಲಿ ಯಾರೋ ತೆವಳಿದ್ದರು. ಮನೆಯಲ್ಲಿ ಅಷ್ಟು ಕೋಣೆಗಳಿದ್ದರೂ ಸರಿಯಾಗಿ ಈ ಇಬ್ಬರು ಮಲಗುವ ಜಾಗದ ತೊಲೆಯ ಕೆಳಗೆ ಸ್ಫೋಟಕ ಇಟ್ಟಿದ್ದರು. ಮಗಳೂ ಅಜ್ಜಿಯೂ ಬದುಕಿದರು.

ಅಂದರೆ ಮಂಚ ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಈ ಮಾತು ಆ ದಿನದಿಂದ ನನ್ನನ್ನು ಬಿಟ್ಟಿಲ್ಲ.

ಹ್ಯಾರಿ ಮೂರ್ ಹುಟ್ಟಿದ್ದು 1905ರಲ್ಲಿ, ಉತ್ತರ ಫ್ಲೋರಿಡಾದ ಹ್ಯೂಸ್ಟನ್ ಎಂಬ ಪುಟ್ಟ ಊರಿನಲ್ಲಿ. ತಂದೆ ರೈಲ್ವೆಯ ನೀರಿನ ತೊಟ್ಟಿ ನೋಡಿಕೊಳ್ಳುತ್ತಿದ್ದವರು, ಜೊತೆಗೊಂದು ಸಣ್ಣ ಅಂಗಡಿ. ಹುಡುಗನಿಗೆ ಒಂಬತ್ತು ವರ್ಷವಾಗಿದ್ದಾಗ ಅವರು ತೀರಿಕೊಂಡರು. ತಾಯಿ ಮಗನನ್ನು ಜಾಕ್ಸನ್‌ವಿಲ್‌ನಲ್ಲಿದ್ದ ತನ್ನ ಅಕ್ಕತಂಗಿಯರ ಬಳಿ ಬಿಟ್ಟರು. ಓದಿದ ಹೆಂಗಸರ ಮನೆ ಅದು. ಅಲ್ಲಿ ಹುಡುಗನಿಗೆ ಪುಸ್ತಕದ ರುಚಿ ಹತ್ತಿತು. ಕಾಲೇಜಿನಲ್ಲಿ ಗೆಳೆಯರು ಇವನನ್ನು 'ಡಾಕ್' ಎಂದು ಕರೆಯುತ್ತಿದ್ದರಂತೆ, ಅಷ್ಟು ಓದುವವನೆಂದು. ಓದು ಮುಗಿದ ಮೇಲೆ ಮಿಮ್ಸ್ ಇರುವ ಬ್ರೆವಾರ್ಡ್ ಕೌಂಟಿಯ (ಕೌಂಟಿಯೆಂದರೆ ನಮ್ಮ ಜಿಲ್ಲೆಯ ಹಾಗೆ) ಕೊಕೊ ಎಂಬಲ್ಲಿ ಶಿಕ್ಷಕನ ಕೆಲಸ ಸಿಕ್ಕಿತು. ಅಲ್ಲಿಯೇ ಹ್ಯಾರಿಯೆಟ್ ಸಿಮ್ಸ್ ಪರಿಚಯ. ಆಕೆ ಮೂರು ವರ್ಷ ದೊಡ್ಡವರು, ಹಿಂದೆ ಶಾಲೆಯಲ್ಲಿ ಪಾಠ ಮಾಡಿದ್ದವರು, ಆಗ ವಿಮಾ ಕಂಪನಿಯ ಪಾಲಿಸಿ ಮಾರುತ್ತಿದ್ದರು. 1926ರಲ್ಲಿ ಮದುವೆ. ಇಬ್ಬರು ಹೆಣ್ಣುಮಕ್ಕಳು, ಆನಿ ಮತ್ತು ಇವಾಂಜೆಲಿನ್. ಮುಂದೆ ಹ್ಯಾರಿ ಟೈಟಸ್‌ವಿಲ್‌ನಲ್ಲಿ ಕಪ್ಪು ಮಕ್ಕಳ ಶಾಲೆಗೆ ಮುಖ್ಯೋಪಾಧ್ಯಾಯರಾದರು. ಹ್ಯಾರಿಯೆಟ್ ಮತ್ತೆ ಪಾಠಕ್ಕೆ ಬಂದರು.

ಇಷ್ಟು ಓದಿದಾಗ ನಮ್ಮ ಮನೆಯೇ ಕಣ್ಣಿಗೆ ಕಟ್ಟಿತು. ನಾನೂ ನಮ್ಮ ಮನೆಯವರೂ ಹಾಸನ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷ ಕಳೆದವರು. ಇಬ್ಬರೂ ಶಿಕ್ಷಕರಾದ ಮನೆಗೆ ತನ್ನದೇ ಒಂದು ಲಯವಿರುತ್ತದೆ. ರಾತ್ರಿ ಊಟದ ನಂತರ ಅದೇ ಮೇಜಿನ ಮೇಲೆ ಎರಡು ಶಾಲೆಗಳ ಉತ್ತರ ಪತ್ರಿಕೆಗಳು. ಬೇರೆ ಬೇರೆ ಮಕ್ಕಳು ಮಾಡಿದ ಒಂದೇ ತಪ್ಪನ್ನು ಒಬ್ಬರಿಗೊಬ್ಬರು ಓದಿ ಹೇಳುವುದು. ಸಂಬಳದ ದಿನ ಬಟವಾಡೆ ಪುಸ್ತಕದಲ್ಲಿ ರೆವಿನ್ಯೂ ಸ್ಟ್ಯಾಂಪಿನ ಮೇಲೆ ಸಹಿ.

ಮೂರ್ ದಂಪತಿಯ ಹೋರಾಟ ಶುರುವಾದದ್ದು ಈ ಸಂಬಳದ ಲೆಕ್ಕದಿಂದಲೇ. ಆ ಕಾಲದ ಫ್ಲೋರಿಡಾದಲ್ಲಿ ಬಿಳಿಯ ಮಕ್ಕಳಿಗೆ ಒಂದು ಶಾಲೆ, ಕಪ್ಪು ಮಕ್ಕಳಿಗೆ ಇನ್ನೊಂದು. ಕಪ್ಪು ಶಿಕ್ಷಕರಿಗೆ ಬಿಳಿಯ ಶಿಕ್ಷಕರ ಸಂಬಳದ ಸರಿಸುಮಾರು ಅರ್ಧ. 1934ರಲ್ಲಿ ಹ್ಯಾರಿ ಬ್ರೆವಾರ್ಡ್ ಕೌಂಟಿಯಲ್ಲಿ ಎನ್‌ಎಎಸಿಪಿಯ ಶಾಖೆ ತೆರೆದರು. ಕಪ್ಪು ಜನರ ಹಕ್ಕುಗಳಿಗಾಗಿ 1909ರಲ್ಲಿ ಹುಟ್ಟಿದ ಸಂಸ್ಥೆ ಅದು. ಆ ದಶಕದ ಕೊನೆಯ ಹೊತ್ತಿಗೆ ಸಮಾನ ವೇತನ ಕೇಳಿ ಮೊಕದ್ದಮೆ ಹೂಡಲು ಒಬ್ಬ ಶಿಕ್ಷಕ ಬೇಕಾಯಿತು. ಹ್ಯಾರಿಯ ಗೆಳೆಯ, ಕೊಕೊದ ಶಾಲೆಯೊಂದರ ಮುಖ್ಯೋಪಾಧ್ಯಾಯ ಜಾನ್ ಗಿಲ್ಬರ್ಟ್ ತನ್ನ ಹೆಸರು ಕೊಟ್ಟರು. ನ್ಯೂಯಾರ್ಕಿನಿಂದ ಥರ್ಗುಡ್ ಮಾರ್ಷಲ್ ಎಂಬ ತರುಣ ವಕೀಲ ಬೆಂಬಲಕ್ಕೆ ನಿಂತರು. ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದವರು ಇವರೇ. ಮೊಕದ್ದಮೆ ಸೋತಿತು, ಗಿಲ್ಬರ್ಟ್ ಕೆಲಸ ಕಳೆದುಕೊಂಡರು. ಆದರೆ ಅದೇ ಜಾಡಿನಲ್ಲಿ ಬೇರೆ ಬೇರೆ ಕೌಂಟಿಗಳಲ್ಲಿ ಹೂಡಿದ ಮೊಕದ್ದಮೆಗಳು ಗೆದ್ದವು.

ಸಂಬಳದಿಂದ ಮತದಾನಕ್ಕೆ ಒಂದೇ ಹೆಜ್ಜೆ. ಶಾಲಾ ಮಂಡಳಿಯನ್ನು ಆರಿಸುವವರು ಮತದಾರರು, ಆ ಮತದಾರರಲ್ಲಿ ನಮ್ಮವರೇ ಇಲ್ಲದಿದ್ದರೆ ಸಂಬಳ ಕೇಳುವುದು ಯಾರನ್ನು? ದಕ್ಷಿಣದ ರಾಜ್ಯಗಳಲ್ಲಿ ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆ ಗೆದ್ದವನೇ ಗೆದ್ದಂತೆ, ಆ ಒಳಚುನಾವಣೆಯಲ್ಲಿ ಬಿಳಿಯರಿಗೆ ಮಾತ್ರ ಮತ. 1944ರಲ್ಲಿ ಟೆಕ್ಸಾಸಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದು ಸಂವಿಧಾನಕ್ಕೆ ವಿರುದ್ಧ ಎಂದಿತು. ತೀರ್ಪು ಬಂದ ಅದೇ ವರ್ಷ ಹ್ಯಾರಿ ಪ್ರೋಗ್ರೆಸಿವ್ ವೋಟರ್ಸ್ ಲೀಗ್ ಕಟ್ಟಿದರು. ಊರೂರು ಸುತ್ತಿದರು. ಚರ್ಚುಗಳಲ್ಲಿ, ಕಿತ್ತಳೆ ಕೊಯ್ಯುವವರ ಬಿಡಾರಗಳಲ್ಲಿ, ಅಂಗಳಗಳಲ್ಲಿ ನಿಂತು ಹೆಸರು ನೋಂದಾಯಿಸಿಕೊಳ್ಳಿ ಎಂದರು. ರಾತ್ರಿ ಮನೆಗೆ ಬಂದು ಟೈಪ್‌ರೈಟರಿನ ಮುಂದೆ ಕೂತು ಪತ್ರ ಬರೆದರು: ರಾಜ್ಯಪಾಲರಿಗೆ, ಸಂಸದರಿಗೆ, ಪತ್ರಿಕೆಗಳಿಗೆ. ಆರು ವರ್ಷಗಳಲ್ಲಿ 1,16,000ಕ್ಕೂ ಹೆಚ್ಚು ಕಪ್ಪು ಮತದಾರರ ಹೆಸರು ಪಟ್ಟಿಗೆ ಸೇರಿತು. ಅರ್ಹರಲ್ಲಿ ಶೇ 31ರಷ್ಟು. ದಕ್ಷಿಣದ ಬೇರೆ ಯಾವ ರಾಜ್ಯದಲ್ಲೂ ಆಗ ಇಷ್ಟಿರಲಿಲ್ಲ.

ಈ ಸಂಖ್ಯೆಯ ಮುಂದೆ ನಾನು ಬಹಳ ಹೊತ್ತು ನಿಂತೆ. ಏಕೆಂದರೆ ಮತದಾರರ ಪಟ್ಟಿಯ ಕೆಲಸವೆಂದರೇನು ಎಂದು ನನ್ನ ಕಾಲಿಗೆ ಗೊತ್ತು. ಹನ್ನೊಂದು ವರ್ಷ ನಾನು ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಆಗಿದ್ದೆ. ಶಾಲೆ ಬಿಟ್ಟ ಮೇಲೆ, ಭಾನುವಾರಗಳಲ್ಲಿ, ನಮೂನೆ 6ರ ಕಟ್ಟು ಹಿಡಿದು ಮನೆಮನೆ ಹತ್ತಿಳಿಯುವುದು. ಒಂದು ಮನೆಯಲ್ಲಿ ನಾಯಿ, ಇನ್ನೊಂದರಲ್ಲಿ ಬೀಗ, ಮತ್ತೊಂದರಲ್ಲಿ ಮದುವೆಯಾಗಿ ಬಂದ ಸೊಸೆಯ ಹೆಸರು ಸೇರಿಸಲು ಅತ್ತೆಗೆ ಮನಸ್ಸಿಲ್ಲ. ಕಾಲೋನಿಯ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ವಯಸ್ಸಿನ ದಾಖಲೆ ಏನೂ ಇಲ್ಲ. ಮೂರು ಸಲ ಅಲೆದು, ಗ್ರಾಮ ಲೆಕ್ಕಿಗರನ್ನು ಹಿಡಿದು, ಅವರ ಹೆಸರು ಸೇರಿಸಿದೆ. ಗುರುತಿನ ಚೀಟಿ ಕೈಗೆ ಕೊಟ್ಟಾಗ ಅದರ ಮೇಲಿನ ತಮ್ಮದೇ ಭಾವಚಿತ್ರವನ್ನು ಸೆರಗಿನಿಂದ ಒರೆಸಿ ನೋಡಿದರು. ಆ ಕೆಲಸ ನನಗೆ ಸರ್ಕಾರ ಕೊಟ್ಟದ್ದು. ಮಾಡದಿದ್ದರೆ ನೋಟಿಸ್ ಬರುತ್ತಿತ್ತು. ಹ್ಯಾರಿ ಮೂರ್ ಮಾಡಿದ್ದೂ ಅದೇ ಕೆಲಸ. ಮಾಡಿದ್ದಕ್ಕೆ ಅವರಿಗೆ ಬಂದದ್ದು ವಜಾ ಆದೇಶ.

1946ರ ಜೂನ್ ತಿಂಗಳಲ್ಲಿ ಬ್ರೆವಾರ್ಡ್ ಕೌಂಟಿಯ ಶಾಲಾ ಆಡಳಿತ ಇಬ್ಬರನ್ನೂ ಕೆಲಸದಿಂದ ತೆಗೆಯಿತು. ಗಂಡನನ್ನು ಮಾತ್ರವಲ್ಲ, ಹೆಂಡತಿಯನ್ನೂ. ನಮ್ಮಲ್ಲಿ ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ 'ಪತಿ-ಪತ್ನಿ ಪ್ರಕರಣ' ಎಂದು ಒಂದು ವಿಭಾಗವೇ ಇದೆ, ಇಬ್ಬರೂ ಒಂದೇ ಕಡೆ ಇರಲಿ ಎಂದು. ಆ ಎರಡು ಪದಗಳಿಗೆ ಮಿಮ್ಸ್‌ನಲ್ಲಿ ಬೇರೆಯೇ ಅರ್ಥವಿತ್ತು. ಆಮೇಲೆ ಹ್ಯಾರಿ ಎನ್‌ಎಎಸಿಪಿಯ ಸಂಬಳದ ಸಂಘಟಕರಾದರು, ಆ ಸಂಬಳವೂ ಸರಿಯಾಗಿ ಬರುತ್ತಿರಲಿಲ್ಲ. ಹ್ಯಾರಿಯೆಟ್ ಮುಂದೆ ದೂರದ ಪಾಮ್ ಬೀಚ್ ಕಡೆ ಶಿಕ್ಷಕಿಯಾಗಿ ಸೇರಿ, ರಜೆಗೆ ಮಿಮ್ಸ್‌ನ ಮನೆಗೆ ಬರುವಂತಾಯಿತು. ಈ ಕಥೆಯನ್ನು ಹೇಳುವವರೆಲ್ಲ ಹ್ಯಾರಿಯ ಹೋರಾಟ ಎನ್ನುತ್ತಾರೆ. ಆ ಹೋರಾಟದ ಮನೆ ಯಾರ ಸಂಬಳದಿಂದ ನಡೆಯುತ್ತಿತ್ತು ಎಂದು ಯಾರೂ ಕೇಳುವುದಿಲ್ಲ. ಶಿಕ್ಷಕಿಯಾಗಿದ್ದ ನನಗೆ ಆ ಪ್ರಶ್ನೆಯೇ ಮೊದಲು ಬಂತು.

ಮತದಾರರ ಪಟ್ಟಿಗಿಂತಲೂ ಅಪಾಯದ ಇನ್ನೊಂದು ಕೆಲಸಕ್ಕೆ ಹ್ಯಾರಿ ಆಗಲೇ ಕೈ ಹಾಕಿದ್ದರು. ಗುಂಪು ಸೇರಿ ಕಪ್ಪು ಜನರನ್ನು ಕೊಲ್ಲುತ್ತಿದ್ದ ಪ್ರಕರಣಗಳ ಬೆನ್ನು ಹತ್ತಿ, ಹೇಳಿಕೆ ಬರೆಸಿಕೊಂಡು, ಅಫಿಡವಿಟ್ ಮಾಡಿಸಿ, ಸರ್ಕಾರಕ್ಕೆ ಕಳಿಸುತ್ತಿದ್ದರು. 1944ರಲ್ಲಿ ಅವರ ಹುಟ್ಟೂರಿನ ಹತ್ತಿರದ ಲೈವ್ ಓಕ್‌ನಲ್ಲಿ ಹದಿನೈದು ವರ್ಷದ ಹುಡುಗನೊಬ್ಬನನ್ನು ಅವನ ತಂದೆಯ ಕಣ್ಣೆದುರಿನಲ್ಲೇ ಕೈಕಾಲು ಕಟ್ಟಿ ಸುವಾನಿ ನದಿಗೆ ತಳ್ಳಿದ್ದರು. ಅವನ ತಪ್ಪು, ಬಿಳಿಯ ಹುಡುಗಿಯೊಬ್ಬಳಿಗೆ ಕ್ರಿಸ್‌ಮಸ್ ಕಾರ್ಡ್ ಕೊಟ್ಟದ್ದು. ಹ್ಯಾರಿ ಎಷ್ಟು ಪತ್ರ ಬರೆದರೂ ಯಾರಿಗೂ ಶಿಕ್ಷೆಯಾಗಲಿಲ್ಲ.

ಆಮೇಲೆ ಬಂದದ್ದು ಗ್ರೋವ್‌ಲ್ಯಾಂಡ್ ಎಂಬ ಊರಿನ ಪ್ರಕರಣ. 1949ರ ಜುಲೈನಲ್ಲಿ ಲೇಕ್ ಕೌಂಟಿಯ ಬಿಳಿಯ ತರುಣಿಯೊಬ್ಬಳು ನಾಲ್ವರು ಕಪ್ಪು ಯುವಕರು ತನ್ನ ಮೇಲೆ ಅತ್ಯಾಚಾರ ಮಾಡಿದರು ಎಂದಳು. ಒಬ್ಬನನ್ನು ಬೆನ್ನಟ್ಟಿದ ಗುಂಪು ಗುಂಡಿಟ್ಟು ಕೊಂದಿತು. ಉಳಿದವರಲ್ಲಿ ಹದಿನಾರರ ಹುಡುಗನಿಗೆ ಜೀವಾವಧಿ, ಸ್ಯಾಮ್ಯುಯೆಲ್ ಶೆಪರ್ಡ್ ಮತ್ತು ವಾಲ್ಟರ್ ಅರ್ವಿನ್ ಎಂಬಿಬ್ಬರಿಗೆ ಮರಣದಂಡನೆ. 1951ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಇಬ್ಬರ ಶಿಕ್ಷೆ ರದ್ದುಮಾಡಿ ಮರುವಿಚಾರಣೆಗೆ ಹೇಳಿತು. ನವೆಂಬರ್ 6ರ ರಾತ್ರಿ ಆ ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್ ವಿಲ್ಲಿಸ್ ಮೆಕಾಲ್ ಇಬ್ಬರನ್ನೂ ಒಂದೇ ಕೈಕೋಳದಲ್ಲಿ ಕಟ್ಟಿ ತನ್ನ ಕಾರಿನಲ್ಲಿ ಕರೆತರುವಾಗ ದಾರಿಯಲ್ಲಿ ಇಳಿಸಿ ಗುಂಡು ಹಾರಿಸಿದ. ಓಡಿಹೋಗಲು ನೋಡಿದರು ಎಂದ. ಶೆಪರ್ಡ್ ಸತ್ತ. ಸತ್ತಂತೆ ಬಿದ್ದಿದ್ದ ಅರ್ವಿನ್ ಬದುಕಿ ಉಳಿದು, ನಾವು ಓಡಲಿಲ್ಲ, ಸುಮ್ಮನೆ ಗುಂಡಿಟ್ಟರು ಎಂದು ಹೇಳಿದ. ಶೆರಿಫನನ್ನು ಅಮಾನತು ಮಾಡಿ, ಕೊಲೆ ಮೊಕದ್ದಮೆ ಹಾಕಿ ಎಂದು ಹ್ಯಾರಿ ಮೂರ್ ಪಟ್ಟು ಹಿಡಿದರು. ಆ ನಾಲ್ವರೂ ನಿರಪರಾಧಿಗಳೆಂದು ನ್ಯಾಯಾಲಯ ಹೇಳಿದ್ದು 2021ರಲ್ಲಿ. ಮೆಕಾಲ್ 1972ರವರೆಗೂ ಶೆರಿಫನಾಗಿಯೇ ಇದ್ದ.

ನವೆಂಬರ್ 6ರಿಂದ ಡಿಸೆಂಬರ್ 25ಕ್ಕೆ ಏಳು ವಾರ. ಆ ಏಳು ವಾರಗಳ ನಡುವೆಯೇ ಇನ್ನೊಂದು ಪೆಟ್ಟು ಬಿದ್ದಿತ್ತು, ಅದು ಹೊರಗಿನವರದಲ್ಲ. ಸದಸ್ಯತ್ವದ ಹಣವನ್ನು ಒಂದು ಡಾಲರಿನಿಂದ ಎರಡಕ್ಕೆ ಏರಿಸಿದ ಮೇಲೆ ಫ್ಲೋರಿಡಾದಲ್ಲಿ ಎನ್‌ಎಎಸಿಪಿಯ ಸದಸ್ಯರು ಕಡಿಮೆಯಾಗಿದ್ದರು. ರಾಜಕೀಯಕ್ಕೆ ಹೆಚ್ಚು ಗಮನ ಕೊಡುತ್ತಾರೆ ಎಂಬ ದೂರೂ ಇತ್ತು. ನವೆಂಬರ್ ಕೊನೆಯ ವಾರ್ಷಿಕ ಸಭೆಯಲ್ಲಿ ಕೇಂದ್ರ ಕಚೇರಿಯವರ ಒತ್ತಾಯದಿಂದ ಹ್ಯಾರಿಯನ್ನು ಹುದ್ದೆಯಿಂದ ಇಳಿಸಿದರು. ಆ ರಾಜ್ಯದಲ್ಲಿ ತಾನೇ ಕಟ್ಟಿದ ಸಂಘಟನೆಯ ಹುದ್ದೆ ಕೈಬಿಟ್ಟ ತಿಂಗಳಲ್ಲೇ ಸತ್ತ ಮನುಷ್ಯ ಅವರು. ಮರುವರ್ಷ ಅದೇ ಸಂಸ್ಥೆ ತನ್ನ ಅತಿ ದೊಡ್ಡ ಗೌರವವಾದ ಸ್ಪಿಂಗಾರ್ನ್ ಪದಕವನ್ನು ಅವರ ಹೆಸರಿಗೆ ಕೊಟ್ಟಿತು. ಕೊಟ್ಟದ್ದು ಒಳ್ಳೆಯದೇ. ಆದರೂ ಅದನ್ನು ಓದುವಾಗ ನನ್ನ ಮನಸ್ಸು ಮುದುಡಿತು.

ಆ ರಾತ್ರಿಗೆ ಮರಳುತ್ತೇನೆ. ಸದ್ದು ನಾಲ್ಕು ಮೈಲಿ ದೂರದ ಟೈಟಸ್‌ವಿಲ್‌ಗೂ ಕೇಳಿಸಿತು. ಪಕ್ಕದಲ್ಲೇ ಇದ್ದ ಹ್ಯಾರಿಯೆಟ್ ಅವರ ತಮ್ಮಂದಿರು ಓಡಿಬಂದರು. ಅವರಲ್ಲೊಬ್ಬ ಸೈನಿಕ, ಕೊರಿಯಾ ಯುದ್ಧದಿಂದ ರಜೆಯ ಮೇಲೆ ಬಂದಿದ್ದವನು. ಒಡೆದ ಹಲಗೆ, ಬಿದ್ದ ಮರಗಳ ನಡುವಿನಿಂದ ಇಬ್ಬರನ್ನೂ ಎತ್ತಿ ತಮ್ಮ ಕಾರಿನಲ್ಲೇ ಮಲಗಿಸಿಕೊಂಡು ಹೊರಟರು. ಆಸ್ಪತ್ರೆ ಇದ್ದದ್ದು ಸ್ಯಾನ್‌ಫರ್ಡ್‌ನಲ್ಲಿ, ಸುಮಾರು ಐವತ್ತು ಕಿಲೋಮೀಟರ್ ಆಚೆ. ಹ್ಯಾರಿ ದಾರಿಯಲ್ಲೇ ಪ್ರಾಣ ಬಿಟ್ಟರು. ವಯಸ್ಸು 46.

ಇಂಡಿಯನ್ ರಿವರ್‌ನ ಇನ್ನೊಂದು ದಂಡೆಯ ಕಡೆಯ ಕೇಪ್ ಕೆನವರಲ್ ನೆಲದಿಂದ ಮೊಟ್ಟಮೊದಲ ರಾಕೆಟ್ ಹಾರಿ ಆಗ ಒಂದೂವರೆ ವರ್ಷವಾಗಿತ್ತಷ್ಟೆ, 1950ರ ಜುಲೈನಲ್ಲಿ. ಬೆಳಿಗ್ಗೆ ಆ ಕೇಂದ್ರದಲ್ಲಿ ಮೊಮ್ಮಗುವನ್ನು ಎತ್ತಿಕೊಂಡು ನಿಂತು ಹೆಮ್ಮೆಪಟ್ಟಿದ್ದೆ, ಮನುಷ್ಯ ಎಷ್ಟು ದೂರ ಹೋಗಿದ್ದಾನೆ ಎಂದು. ಸಂಜೆ ಅದೇ ಕೌಂಟಿಯಲ್ಲಿ ಐವತ್ತು ಕಿಲೋಮೀಟರ್ ಲೆಕ್ಕ ಹಾಕುತ್ತ ನಿಂತಿದ್ದೆ.

ಮರುದಿನದಿಂದ ಎಫ್‌ಬಿಐ ಬಂತು. ತನಿಖೆ ಮಾಡಲಿಲ್ಲ ಎನ್ನುವಂತಿಲ್ಲ, ಬಹಳ ಮಾಡಿದರು. ಕೂ ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಪ್ತ ಸಂಘದ ಒಳಗೆ ಹೊಕ್ಕು ನೂರಾರು ಜನರನ್ನು ವಿಚಾರಿಸಿದರು. ಅದೇ ವರ್ಷದ ಜುಲೈನಲ್ಲಿ ಇಬ್ಬರು ಬಿಳಿಯರು ಮಿಮ್ಸ್‌ನ ಅಂಗಡಿಯೊಂದಕ್ಕೆ ಬಂದು ಮೂರ್ ಅವರ ಮನೆ ಎಲ್ಲಿ ಎಂದು ಕೇಳಿದ್ದರು ಎಂಬುದು ತಿಳಿಯಿತು. ಅರ್ಲ್ ಬ್ರೂಕ್ಲಿನ್, ಟಿಲ್‌ಮನ್ ಬೆಲ್ವಿನ್ ಎಂಬ ಕ್ಲಾನಿನ ಇಬ್ಬರ ಮೇಲೆ ಸಂಶಯ ಬಂತು. ಜೋಸೆಫ್ ಕಾಕ್ಸ್ ಎಂಬ ಇನ್ನೊಬ್ಬನನ್ನು ಎಫ್‌ಬಿಐ ಎರಡನೆಯ ಸಲ ವಿಚಾರಿಸಿದ ಮರುದಿನ, 1952ರ ಮಾರ್ಚ್ 30ರಂದು, ಅವನು ಆತ್ಮಹತ್ಯೆ ಮಾಡಿಕೊಂಡ. ಬೆಲ್ವಿನ್ ಅದೇ ವರ್ಷದ ಆಗಸ್ಟ್‌ನಲ್ಲಿ ಕಾಯಿಲೆಯಿಂದ ಸತ್ತ. ಬ್ರೂಕ್ಲಿನ್ ಸತ್ತದ್ದು ಬಾಂಬು ಸಿಡಿದು ಸರಿಯಾಗಿ ಒಂದು ವರ್ಷಕ್ಕೆ, 1952ರ ಕ್ರಿಸ್‌ಮಸ್ ದಿನ.

ಕೇಂದ್ರದ ಕಾನೂನಿನಲ್ಲಿ ಆಗ ಇಂಥ ಕೊಲೆಯನ್ನು ಹಿಡಿದುಕೊಳ್ಳಲು ಬಲವಾದ ಕೊಕ್ಕೆಯೇ ಇರಲಿಲ್ಲ. ಕೊಲೆ ರಾಜ್ಯದ ವಿಷಯ, ರಾಜ್ಯ ಯಾರ ಮೇಲೂ ಮೊಕದ್ದಮೆ ಹಾಕಲಿಲ್ಲ. ಕ್ಲಾನಿನ ಕೆಲವರು ವಿಚಾರಣೆಯಲ್ಲಿ ಸುಳ್ಳು ಹೇಳಿದರು ಎಂದು ಹೂಡಿದ ಮೊಕದ್ದಮೆಯನ್ನೂ, ಇದು ಕೇಂದ್ರದ ವ್ಯಾಪ್ತಿಗೆ ಬರುವುದಿಲ್ಲ ಎಂದು ನ್ಯಾಯಾಧೀಶರು ವಜಾ ಮಾಡಿದರು. 1978ರಲ್ಲಿ ಎಡ್ವರ್ಡ್ ಸ್ಪೈವಿ ಎಂಬ ಹಳೆಯ ಕ್ಲಾನಿನವನು ಸಾಯುವ ಹೊತ್ತಿಗೆ ಬಾಯಿಬಿಟ್ಟು ಕಾಕ್ಸ್ ಮಾಡಿದ್ದು ಎಂದ. ತೊಂಬತ್ತರ ದಶಕದ ಆರಂಭದಲ್ಲಿ ಮತ್ತೆ ಕಡತ ತೆಗೆದರು, ಮುಚ್ಚಿದರು. ಕೊನೆಗೆ 2004ರಲ್ಲಿ ಫ್ಲೋರಿಡಾದ ಅಟಾರ್ನಿ ಜನರಲ್ ಚಾರ್ಲಿ ಕ್ರಿಸ್ಟ್ ಹೊಸ ತನಿಖೆಗೆ ಆದೇಶಿಸಿದರು. 2006ರ ಆಗಸ್ಟ್‌ನಲ್ಲಿ ಬಂದ ವರದಿ ಈ ನಾಲ್ವರ ಹೆಸರನ್ನೂ ಹೇಳಿತು. ನಾಲ್ವರೂ ಸತ್ತಿದ್ದರು. ಶೆರಿಫ್ ಮೆಕಾಲ್ ಹಿಂದಿದ್ದ ಎಂಬ ಮಾತು ಮೊದಲಿನಿಂದಲೂ ಜನರ ಬಾಯಲ್ಲಿತ್ತು, ಅದು ಯಾವ ತನಿಖೆಯಲ್ಲೂ ಸಿದ್ಧವಾಗಲಿಲ್ಲ. ಕೇಂದ್ರ ನ್ಯಾಯ ಇಲಾಖೆ ಇನ್ನೊಮ್ಮೆ ನೋಡಿ, ಮೊಕದ್ದಮೆ ಹೂಡಲು ಬದುಕಿರುವವರು ಯಾರೂ ಇಲ್ಲವೆಂದು 2011ರಲ್ಲಿ ಕಡತ ಮುಚ್ಚಿತು.

ಇದನ್ನು 'ಬಗೆಹರಿಯದ ಕೊಲೆ' ಎಂದು ಬರೆಯುತ್ತಾರೆ. ನನಗೆ ಆ ಪದ ಒಗ್ಗುವುದಿಲ್ಲ. ಬಗೆಹರಿಯದ್ದು ಎಂದರೆ ಬುದ್ಧಿಗೆ ಎಟುಕದ ಒಗಟು ಎಂಬಂತೆ ಕೇಳಿಸುತ್ತದೆ. ಬಾಂಬು ಸಿಡಿದ ಕೆಲವೇ ತಿಂಗಳಲ್ಲಿ ತನಿಖೆಯವರ ಕೈಯಲ್ಲಿ ಹೆಸರುಗಳಿದ್ದವು. ನ್ಯಾಯಾಲಯ ಹೇಳದೆ ಯಾರನ್ನೂ ಕೊಲೆಗಾರ ಎನ್ನಬಾರದು, ಅದನ್ನು ನಾನೂ ಒಪ್ಪುತ್ತೇನೆ. ಹಾಗಾಗಿಯೇ ನ್ಯಾಯಾಲಯದವರೆಗೆ ಒಯ್ಯದಿರುವುದು ಸತ್ತವರಿಗೆ ಮಾಡಿದ ಎರಡನೆಯ ಅನ್ಯಾಯ. ವರ್ಣದ್ವೇಷವೇ ಕಾರಣವೇ ಎಂದು ಕೆಲವರು ಇನ್ನೂ ಪ್ರಶ್ನಾರ್ಥಕ ಚಿಹ್ನೆ ಇಡುತ್ತಾರೆ, ತೀರ್ಪಿಲ್ಲದ ಕಡೆ ಅದನ್ನು ಇಡುವುದು ಸುಲಭ. ಮತದಾರರ ಪಟ್ಟಿ, ಸಂಬಳದ ಮೊಕದ್ದಮೆ, ಶೆರಿಫನ ವಿರುದ್ಧದ ಪತ್ರ, ಇಷ್ಟನ್ನು ಸಾಲಾಗಿ ಇಟ್ಟು ನೋಡಿದ ಮೇಲೆ ನನಗೆ ಆ ಚಿಹ್ನೆ ಬೇಕಾಗಿಲ್ಲ.

ಆದರೆ ನಿಜಕ್ಕೂ ಬಗೆಹರಿಯದ ಒಂದು ವಿಷಯ ಇದೆ, ಅದು ಆ ವರದಿಗಳ ಒಳಗೆ ಒಂದು ಸಣ್ಣ ವಾಕ್ಯವಾಗಿ ಕೂತಿದೆ. ಬ್ರೂಕ್ಲಿನ್ ಕ್ಲಾನಿನ ಸಭೆಯೊಂದರಲ್ಲಿ ಮೂರ್ ಅವರ ಮನೆಯ ಒಳಗಿನ ನಕ್ಷೆಯನ್ನು ತೋರಿಸಿ, ಜೊತೆಗೆ ಯಾರು ಬರುತ್ತೀರಿ ಎಂದು ಕೇಳಿದ್ದನಂತೆ. ನಕ್ಷೆ. ಬಾಗಿಲು ಎಲ್ಲಿ, ಒಲೆ ಎಲ್ಲಿ, ಹಿರಿಯರು ಮಲಗುವ ಕೋಣೆ ಯಾವುದು. ಬಿಳಿಯರು ಕಾಲಿಟ್ಟಿರಲಾರದ ಮನೆ ಅದು. ಹಾಗಾದರೆ ಬರೆದವರು ಯಾರು, ಅಥವಾ ಬರೆಯುವವನಿಗೆ ಹೇಳಿಕೊಟ್ಟವರು ಯಾರು?

ಒರ್ಲ್ಯಾಂಡೊದ ಮನೆಗೆ ಮರಳಿದ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಹಾಸನದ ಮನೆಯ ನಕ್ಷೆ ಯಾರು ಯಾರು ಬರೆಯಬಲ್ಲರು ಎಂದು ಎಣಿಸುತ್ತ ಮಲಗಿದ್ದೆ. ಪಾತ್ರೆ ತೊಳೆಯಲು ಬರುವ ಲಕ್ಷ್ಮಮ್ಮ. ಪೈಪ್ ಸರಿಮಾಡಲು ಬಂದವನು. ಸುಣ್ಣ ಬಳಿದ ಹುಡುಗರು. ಗಣಿತ ಹೇಳಿಸಿಕೊಳ್ಳಲು ಬರುತ್ತಿದ್ದ ಮಕ್ಕಳಂತೂ ಎಷ್ಟೋ, ಅವರ ಹಾಜರಿ ಪುಸ್ತಕವನ್ನೇ ಇಡಬಹುದು. ಮಳೆ ಬಂದ ದಿನ ಆ ಮಕ್ಕಳನ್ನು ಒಳಕೋಣೆಯಲ್ಲಿ, ನಮ್ಮ ಮಂಚದ ಮೇಲೆಯೇ ಕೂರಿಸುತ್ತಿದ್ದೆ. ಶಿಕ್ಷಕರ ಮನೆಗೆ ಒಳಗು ಹೊರಗು ಇರುವುದಿಲ್ಲ. ಮೂರ್ ಅವರ ಮನೆಗೂ ಇದ್ದಿರಲಾರದು. ಅರ್ಜಿ ಬರೆಸಿಕೊಳ್ಳಲು ಬಂದವರು, ಪುಸ್ತಕ ಕೇಳಿಕೊಂಡು ಬಂದವರು, ಮತದಾರರ ನೋಂದಣಿ ವಿಚಾರಿಸಲು ಬಂದವರು. ಅವರಲ್ಲಿ ಒಬ್ಬರನ್ನು ಹೆದರಿಸಿರಬಹುದು, ಒಬ್ಬರ ಬಾಯಿಂದ ಗೊತ್ತಿಲ್ಲದಂತೆ ಮಾತು ಎಳೆದಿರಬಹುದು. ಅಥವಾ ಯಾರೂ ಹೇಳದೆಯೇ ಕತ್ತಲಲ್ಲಿ ಕಿಟಕಿಯ ಬಳಿ ನಿಂತು ದೀಪ ಆರುವುದನ್ನು ನೋಡಿಕೊಂಡಿರಬಹುದು. ಯಾವುದು ಹೆಚ್ಚು ಭಯಂಕರ ಎಂದು ನನಗೆ ತೀರ್ಮಾನಿಸಲು ಆಗಿಲ್ಲ.

ಇನ್ನು ಹ್ಯಾರಿಯೆಟ್. ಬಾಂಬು ಸಿಡಿದ ಮೇಲೆ ಆಕೆ ಒಂಬತ್ತು ದಿನ ಬದುಕಿದ್ದರು. ವರದಿಗಳಲ್ಲಿ ಈ ಒಂಬತ್ತು ದಿನಗಳಿಗೆ ಒಂದು ಸಾಲು ಸಿಗುತ್ತದೆ, ಕೆಲವೊಮ್ಮೆ ಅರ್ಧ ಸಾಲು. ಸ್ಯಾನ್‌ಫರ್ಡ್‌ನ ಹಾಸಿಗೆಯಲ್ಲಿ ಆಕೆಗೆ ಎಚ್ಚರವಿತ್ತು, ಮಾತಿತ್ತು. ಗಂಡ ಹೋದ ಸುದ್ದಿ ಗೊತ್ತಿತ್ತು. ಬಂದ ಪತ್ರಕರ್ತರೊಬ್ಬರ ಜೊತೆ ಮಾತನಾಡಿದರು. ಮನೆ ಒಡೆದುಹೋಗಿದೆ, ಮಕ್ಕಳು ದೊಡ್ಡವರಾಗಿದ್ದಾರೆ, ಅವರಿಗೆ ನಾನು ಬೇಕಾಗಿಲ್ಲ, ಮುಂದಿನದನ್ನು ಬೇರೆಯವರು ನೋಡಿಕೊಳ್ಳುತ್ತಾರೆ ಎಂಬ ಅರ್ಥದ ಮಾತು.

ಕಿರಿಯ ಮಗಳು ಇವಾಂಜೆಲಿನ್ ವಾಷಿಂಗ್ಟನ್‌ನಲ್ಲಿ ಕೆಲಸದಲ್ಲಿದ್ದಳು. ಹಬ್ಬಕ್ಕೆ ರಜೆ ಸಿಗದೆ ಎರಡು ದಿನ ತಡವಾಗಿ, ಡಿಸೆಂಬರ್ 27ಕ್ಕೆ ರೈಲಿನಲ್ಲಿ ಬಂದಳು. ಅವಳಿಗೆ ಸುದ್ದಿಯೇ ಗೊತ್ತಿರಲಿಲ್ಲ. ನಿಲ್ದಾಣದಲ್ಲಿ ಇಳಿದು ಅಪ್ಪ ಅಮ್ಮನನ್ನು ಹುಡುಕಿದಳು. ಬಂಧುಗಳೆಲ್ಲ ನಿಂತಿದ್ದರು, ಅವರಿಬ್ಬರು ಇರಲಿಲ್ಲ. ಸೋದರಮಾವ ಹೇಳಬೇಕಾಯಿತು. ಈ ಹೆಣ್ಣುಮಗಳು ಮುಂದೆ ಇಡೀ ಬದುಕನ್ನು ಆ ಕಡತ ಮುಚ್ಚದಂತೆ ನೋಡಿಕೊಳ್ಳುವುದರಲ್ಲೇ ಕಳೆದಳು. 2006ರಲ್ಲಿ ಹೆಸರುಗಳನ್ನು ಕೇಳಿಸಿಕೊಂಡಾಗ ವಯಸ್ಸು ಎಪ್ಪತ್ತಾರರ ಆಸುಪಾಸು. 2015ರಲ್ಲಿ ತೀರಿಕೊಂಡಳು.

ಅಂತ್ಯಕ್ರಿಯೆ ಜನವರಿ 1ಕ್ಕೆ ಗೊತ್ತಾಯಿತು. ಸುತ್ತಲಿನ ಬಿಳಿಯ ಹೂವಿನಂಗಡಿಯವರು ಹೂವು ಕೊಡಲು ಒಪ್ಪದೆ, ದೂರದ ಮಯಾಮಿಯಿಂದ ತರಿಸಿದರು. ಅದಕ್ಕೆ ಮುಂಚೆ ಹ್ಯಾರಿಯೆಟ್ ಒಂದು ಪಟ್ಟು ಹಿಡಿದರು: ಗಂಡನನ್ನು ಒಮ್ಮೆ ನೋಡಬೇಕು. ಆ ಸ್ಥಿತಿಯಲ್ಲಿ ಅಲುಗಾಡಬಾರದು ಎಂದು ವೈದ್ಯರು ಹೇಳಿದರೂ ಕೇಳಲಿಲ್ಲ. ಶವ ಇಟ್ಟಿದ್ದ ಜಾಗಕ್ಕೆ ಅವರನ್ನು ಮಲಗಿಸಿಕೊಂಡೇ ಕರೆದೊಯ್ದರು. ನೋಡಿ ಬಂದರು. ಜನವರಿ 3ರಂದು ಹೋಗಿಬಿಟ್ಟರು.

ಬಿಎಲ್‌ಒ ಕೆಲಸದಲ್ಲಿ ಸೇರಿಸುವುದಕ್ಕೆ ನಮೂನೆ 6 ಇದ್ದ ಹಾಗೆ ತೆಗೆಯುವುದಕ್ಕೆ ನಮೂನೆ 7 ಇದೆ. ತೀರಿಕೊಂಡವರ ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ದಿನಾಂಕ ಕೇಳಿ ಬರೆದುಕೊಳ್ಳುವುದು. ಹನ್ನೊಂದು ವರ್ಷದಲ್ಲಿ ಅದು ನನಗೆ ಒಮ್ಮೆಯೂ ರೂಢಿಯಾಗಲಿಲ್ಲ. ಆ ಕಾಲೋನಿಯ ಅಜ್ಜಿಯ ಹೆಸರಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದ ದಿನ ಮನೆಗೆ ಬಂದು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

1952ರ ಆ ಜನವರಿಯಲ್ಲಿ ಬ್ರೆವಾರ್ಡ್ ಕೌಂಟಿಯ ಕಚೇರಿಯಲ್ಲಿಯೂ ಯಾರೋ ಒಬ್ಬ ಗುಮಾಸ್ತ ಮತದಾರರ ಪುಸ್ತಕ ತೆರೆದಿರಬೇಕು. ಒಂದು ಹೆಸರಿನ ಮುಂದೆ ಡಿಸೆಂಬರ್ 25 ಎಂದು, ಇನ್ನೊಂದರ ಮುಂದೆ ಜನವರಿ 3 ಎಂದು ಬರೆದು, ಗೆರೆ ಎಳೆದಿರಬೇಕು.